ಹೆಸರು ಹಾಕಿದ್ರಾ, ಇಲ್ವಾ? ಬ್ಲೂಸ್ ಸಾಲ ಮತ್ತು ರಾಕ್ ಬ್ಯಾಂಡ್‌ಗಳು

1/8

ಯಾವುದೇ ಹೊಸ ಹಾಡಿನ ಕಾಮೆಂಟ್ಸ್ ತೆಗೆದು ನೋಡಿ. ಹತ್ತು ಕಾಮೆಂಟ್ ದಾಟೋದ್ರೊಳಗೆ ಒಬ್ಬ ಸಿಕ್ಕೇ ಸಿಗ್ತಾನೆ: "ಕಾಪಿ ಗುರು ಇದು." ಅವನ ಕೆಳಗೇ ಇನ್ನೊಬ್ಬ: "ಕಾಪಿ ಅಲ್ಲ, ಇನ್‌ಸ್ಪಿರೇಶನ್." ಅಲ್ಲಿಂದ ಇಬ್ಬರೂ ಸಂಗೀತ ಬಿಟ್ಟು ಒಬ್ಬರ ಮನೆಯವರನ್ನ ಒಬ್ಬರು ವಿಚಾರಿಸ್ಕೊಳ್ತಾರೆ.

ಈ ಜಗಳ ಹಳೇದು. ಇದರ ಅತಿ ದೊಡ್ಡ ರೂಪ ನಡೆದದ್ದು 1960ರ ದಶಕದಲ್ಲಿ, ಲಂಡನ್ನಿನ ಬಿಳಿ ಹುಡುಗರು ಅಮೆರಿಕದ ಕಪ್ಪು ಸಂಗೀತಗಾರರ ಬ್ಲೂಸ್ ತಗೊಂಡು ರಾಕ್ ಮಾಡಿದಾಗ. ಕೆಲವರು ಅದನ್ನ ಗೌರವದಿಂದ ಮಾಡಿದರು. ಕೆಲವರು ಹೆಸರು ನುಂಗಿಹಾಕಿದರು. ಒಂದು ಬ್ಯಾಂಡ್ ಎರಡನ್ನೂ ಮಾಡಿತು, ಅದೂ ಎರಡೇ ವರ್ಷದ ಅಂತರದಲ್ಲಿ. ಅದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಇತ್ತು.

ನಾನು ಬಿಕಾಂ. ಸಂಗೀತ ಶಾಸ್ತ್ರ ಓದಿದವನಲ್ಲ. ಆದರೆ ಕ್ರೆಡಿಟ್ ಅನ್ನೋ ಪದ ಬಂದರೆ ಅದು ನಮ್ಮ ಏರಿಯಾ. ಹಾಡಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಯಾರ ಹೆಸರು ಇದೆಯೋ ಅವರಿಗೇ ದುಡ್ಡು ಹೋಗೋದು. ಉಳಿದದ್ದೆಲ್ಲ ಚಪ್ಪಾಳೆ. ಚಪ್ಪಾಳೆಗೆ ಮನೆ ಬಾಡಿಗೆ ಕಟ್ಟೋಕಾಗಲ್ಲ.

2/8

ಮೊದಲು ಸಾಲ ಕೊಟ್ಟವರ ಪರಿಚಯ.

ಮಿಸಿಸಿಪ್ಪಿ ರಾಜ್ಯದ ಹತ್ತಿ ಹೊಲಗಳಲ್ಲಿ ಕೂಲಿ ಮಾಡ್ತಾ ಹಾಡುತ್ತಿದ್ದ ಜನ ಕಟ್ಟಿದ್ದು ಡೆಲ್ಟಾ ಬ್ಲೂಸ್. ಒಬ್ಬ ಮನುಷ್ಯ, ಒಂದು ಗಿಟಾರ್, ಕೆಲವು ಸಲ ತಂತಿ ಮೇಲೆ ಜಾರಿಸೋಕೆ ಬಾಟಲಿಯ ಕುತ್ತಿಗೆ. ಮಡ್ಡಿ ವಾಟರ್ಸ್ ಅಂತ ಪ್ರಪಂಚ ಕರೆಯೋ ಮೆಕಿನ್ಲಿ ಮಾರ್ಗನ್‌ಫೀಲ್ಡ್ ಇಂಥದೇ ಒಂದು ತೋಟದಲ್ಲಿ ದುಡೀತಿದ್ದ. 1941ರಲ್ಲಿ ಅಲನ್ ಲೊಮ್ಯಾಕ್ಸ್ ಅನ್ನೋ ಜಾನಪದ ಸಂಗ್ರಾಹಕ ಅಲ್ಲಿಗೆ ಹೋಗಿ ಅವನ ಹಾಡು ಧ್ವನಿಮುದ್ರಿಸಿಕೊಂಡ. 1943ರಲ್ಲಿ ಮಡ್ಡಿ ಶಿಕಾಗೋಗೆ ಹೊರಟುಹೋದ. ಅಲ್ಲಿಯ ಗಲಾಟೆ ಬಾರ್‌ಗಳಲ್ಲಿ ಸಾದಾ ಗಿಟಾರ್ ಯಾರಿಗೆ ಕೇಳಿಸುತ್ತೆ? ಎಲೆಕ್ಟ್ರಿಕ್ ಗಿಟಾರ್ ಹಿಡಿದ. ಹೊಲದ ಸಂಗೀತಕ್ಕೆ ಕರೆಂಟ್ ಸಿಕ್ಕಿದ್ದು ಹೀಗೆ.

ಶಿಕಾಗೋದಲ್ಲಿ ಚೆಸ್ ಅಂತ ಒಂದು ರೆಕಾರ್ಡ್ ಕಂಪನಿ. ಪೋಲೆಂಡ್‌ನಿಂದ ಬಂದ ಲೆನರ್ಡ್ ಮತ್ತು ಫಿಲ್ ಅನ್ನೋ ಅಣ್ಣ ತಮ್ಮ ನಡೆಸ್ತಿದ್ದದ್ದು. ಅಲ್ಲಿ ಮಡ್ಡಿ ಇದ್ದ, ಆರಡಿ ದಾಟಿದ ದೈತ್ಯ ಹೌಲಿನ್ ವುಲ್ಫ್ ಇದ್ದ, ಚಕ್ ಬೆರ್ರಿ ಇದ್ದ. ಇವರೆಲ್ಲರ ಹಿಂದೆ ಒಬ್ಬ, ನಮ್ಮ ಕತೆಯ ನಿಜವಾದ ಹೀರೋ: ವಿಲ್ಲಿ ಡಿಕ್ಸನ್. ಹುಟ್ಟಿದ್ದು 1915, ಮಿಸಿಸಿಪ್ಪಿಯ ವಿಕ್ಸ್‌ಬರ್ಗ್. ಯೌವನದಲ್ಲಿ ಬಾಕ್ಸರ್. ಆಮೇಲೆ ಬೇಸ್ ನುಡಿಸ್ತಾ, ಬೇರೆಯವರಿಗೆ ಹಾಡು ಬರೆದುಕೊಡ್ತಾ ಚೆಸ್‌ನಲ್ಲಿ ಬೇರೂರಿದ. ಮಡ್ಡಿಗೆ ಹೂಚಿ ಕೂಚಿ ಮ್ಯಾನ್, ವುಲ್ಫ್‌ಗೆ ಸ್ಪೂನ್‌ಫುಲ್, ಲಿಟಲ್ ರೆಡ್ ರೂಸ್ಟರ್, ಎಲ್ಲಾ ಅವನದೇ. ನಮ್ಮ ಸಿನಿಮಾದಲ್ಲಿ ಹೀರೋ ಹೆಸರು ಎಲ್ಲರಿಗೂ ಗೊತ್ತಿದ್ದು ಸಾಹಿತ್ಯ ಬರೆದವರ ಹೆಸರು ಯಾರಿಗೂ ಗೊತ್ತಿರಲ್ವಲ್ಲ, ಹಾಗೆ.

3/8

1961, ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲ್ವೆ ಸ್ಟೇಷನ್. ಕೀತ್ ರಿಚರ್ಡ್ಸ್ ಅನ್ನೋ ಹುಡುಗ ಚಿಕ್ಕಂದಿನಲ್ಲಿ ಒಂದೇ ಶಾಲೆಗೆ ಹೋಗ್ತಿದ್ದ ಮಿಕ್ ಜ್ಯಾಗರ್‌ನ ನೋಡ್ತಾನೆ. ಮಿಕ್ ಕಂಕುಳಲ್ಲಿ ಚಕ್ ಬೆರ್ರಿ ಮತ್ತು ಮಡ್ಡಿ ವಾಟರ್ಸ್ ರೆಕಾರ್ಡ್‌ಗಳು. ಆ ಕಾಲಕ್ಕೆ ಅಲ್ಲಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗೋ ಮಾಲಲ್ಲ ಅದು. ಶಿಕಾಗೋದಿಂದ ಅಂಚೆಯಲ್ಲಿ ತರಿಸ್ತಿದ್ದ. (ಮಿಕ್ ಆಗ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ವಿದ್ಯಾರ್ಥಿ. ಅಂದ್ರೆ ನಮ್ಮ ಲೈನಿನವನೇ. ಮುಗಿಸಲಿಲ್ಲ ಅನ್ನೋದನ್ನ ಮನೆಯಲ್ಲಿ ಹೇಳಬೇಡಿ.)

ಮುಂದಿನ ವರ್ಷ ಬ್ಯಾಂಡ್ ಆಯ್ತು. ಹೆಸರು ಎಲ್ಲಿಂದ? ಮಡ್ಡಿಯ 1950ರ ಹಾಡು ರೋಲಿನ್ ಸ್ಟೋನ್‌ನಿಂದ. ಸಾಲದ ಪತ್ರವನ್ನೇ ಅಂಗಡಿ ಬೋರ್ಡ್ ಮಾಡಿಕೊಂಡ ಹಾಗೆ.

1964ರ ಡಿಸೆಂಬರ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಲಿಟಲ್ ರೆಡ್ ರೂಸ್ಟರ್ ಹಾಡಿ ಬ್ರಿಟನ್ ಚಾರ್ಟ್‌ನಲ್ಲಿ ನಂಬರ್ 1 ತಲುಪಿದರು. ಒಂದು ನಿಧಾನದ, ಅಪ್ಪಟ ಬ್ಲೂಸ್ ಹಾಡು ಪಾಪ್ ಚಾರ್ಟ್ ತುದಿಯಲ್ಲಿ! ನನ್ನ ಅಭಿಪ್ರಾಯ ಕೇಳಿದರೆ, ಹಾಡಾಗಿ ಅದರಲ್ಲಿ ಹೊಸದು ಬಹಳ ಇಲ್ಲ. ಬ್ರಯಾನ್ ಜೋನ್ಸ್‌ನ ಸ್ಲೈಡ್ ಗಿಟಾರ್ ಚೆನ್ನಾಗಿದೆ, ಆದರೆ ಒಟ್ಟಾರೆ ವುಲ್ಫ್ ಹಾದಿಯಲ್ಲೇ ನಡೆದಿದೆ. ಒಳ್ಳೆ ವಿದ್ಯಾರ್ಥಿಯ ನೋಟ್ಸ್. ಆದರೆ ಬರೆದವರು ಅನ್ನೋ ಜಾಗದಲ್ಲಿ ಡಿಕ್ಸನ್ ಹೆಸರು ಇದೆ.

ಅವರು ಇನ್ನೊಂದು ಕೆಲಸ ಮಾಡಿದರು, ಅದು ಹಾಡಿಗಿಂತ ದೊಡ್ಡದು. 1965ರ ಮೇ ತಿಂಗಳು, ಅಮೆರಿಕದ ಶಿಂಡಿಗ್ ಅನ್ನೋ ಟಿವಿ ಕಾರ್ಯಕ್ರಮ ಇವರನ್ನ ಕರೆಯಿತು. ಇವರು ಷರತ್ತು ಹಾಕಿದರು: ಹೌಲಿನ್ ವುಲ್ಫ್ ಬಂದರೆ ಮಾತ್ರ ನಾವೂ ಬರ್ತೀವಿ. ವುಲ್ಫ್‌ಗೆ ಆಗ 54 ವರ್ಷ. ಅವನದೇ ದೇಶದ ಹದಿಹರೆಯದ ಬಿಳಿ ಹುಡುಗ ಹುಡುಗಿಯರಲ್ಲಿ ಬಹಳ ಜನ ಅವನನ್ನ ಮೊದಲು ನೋಡಿದ್ದೇ ಅವತ್ತು. ಅವನು ಹಾಡುವಾಗ ಸ್ಟೋನ್ಸ್ ಹುಡುಗರು ಅವನ ಕಾಲ ಬಳಿ ಕೂತು ಕೇಳ್ತಾರೆ. ವಿಡಿಯೋ ಸಿಗುತ್ತೆ, ಹುಡುಕಿ. ವುಲ್ಫ್ ಮುಖಕ್ಕಿಂತ ಅವರ ಮುಖ ನೋಡಿ.

ಒಂದು ಅಡ್ಡಕತೆ. 1964ರ ಜೂನ್‌ನಲ್ಲಿ ಚೆಸ್ ಸ್ಟುಡಿಯೋಗೆ ಮೊದಲ ಸಲ ಹೋದಾಗ ಮಡ್ಡಿ ವಾಟರ್ಸ್ ಏಣಿ ಮೇಲೆ ನಿಂತು ಬಣ್ಣ ಬಳೀತಿದ್ದ ಅಂತ ಕೀತ್ ಹೇಳಿಕೊಂಡು ಬಂದಿದ್ದಾನೆ. ಚೆಸ್ ಮನೆತನದವರು ಹಾಗೇನೂ ಇರಲಿಲ್ಲ ಅಂತಾರೆ. ನಡೆದಿರಲಿ ಬಿಡಲಿ, ಈ ಕತೆ ಇಷ್ಟು ವರ್ಷ ಬದುಕಿರೋದಕ್ಕೆ ಕಾರಣ ಇದೆ: ಗುರುವಿನ ಜೇಬು ಖಾಲಿ, ಶಿಷ್ಯನ ಜೇಬು ತುಂಬಿದೆ ಅನ್ನೋದು ಎಲ್ಲರಿಗೂ ಕಾಣ್ತಿತ್ತು.

4/8

ಹಾಗಾದ್ರೆ ಹೆಸರು ಹಾಕಿ ಹಾಗೇ ಹಾಡಿಬಿಟ್ಟರೆ ಸಾಕಾ? ಇಲ್ಲ. ಅದು ಮರ್ಯಾದೆ ಸರಿ, ಆದರೆ ಸಂಗೀತ ಮುಂದೆ ಹೋಗಲ್ಲ.

ರಾಬರ್ಟ್ ಜಾನ್ಸನ್ ಅಂತ ಒಬ್ಬ ಇದ್ದ. 1936 ಮತ್ತು 1937ರಲ್ಲಿ ಟೆಕ್ಸಸ್‌ನಲ್ಲಿ ಎರಡೇ ಸುತ್ತು ರೆಕಾರ್ಡಿಂಗ್, ಒಟ್ಟು 29 ಹಾಡು, 1938ರಲ್ಲಿ 27ನೇ ವಯಸ್ಸಿಗೆ ತೀರಿಹೋದ. 1961ರಲ್ಲಿ ಅವನ ಹಾಡುಗಳು ಎಲ್‌ಪಿ ಆಗಿ ಬಂದವು, ಇಂಗ್ಲೆಂಡ್ ಹುಡುಗರ ತಲೆ ಕೆಟ್ಟಿತು. ಒಂದೇ ಗಿಟಾರ್‌ನಲ್ಲಿ ಇಬ್ಬರು ನುಡಿಸಿದ ಹಾಗೆ ಕೇಳುತ್ತೆ. ತಾಳ ಅವನ ಮರ್ಜಿ, ಒಂದು ಸಾಲು ಉದ್ದ, ಇನ್ನೊಂದು ಗಿಡ್ಡ. ಜೊತೆಗೆ ಬೇರೆಯವರು ನುಡಿಸೋದು ಕಷ್ಟ.

ಕ್ರೀಮ್ ಅನ್ನೋ ಮೂರು ಜನರ ಬ್ಯಾಂಡ್ 1968ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್‌ನಲ್ಲಿ ಜಾನ್ಸನ್‌ನ ಕ್ರಾಸ್‌ರೋಡ್ಸ್ ನುಡಿಸಿತು. ಎರಿಕ್ ಕ್ಲ್ಯಾಪ್ಟನ್ ಜಾನ್ಸನ್ ಹಾಗೆ ನುಡಿಸೋಕೆ ಪ್ರಯತ್ನವೇ ಮಾಡಲಿಲ್ಲ. ಆ ಗಿಟಾರ್ ಕೆಲಸದೊಳಗಿಂದ ಒಂದು ಗಟ್ಟಿ ಎಳೆ ಹಿಡಿದು, ಅದನ್ನೇ ರಿಫ್ ಮಾಡಿ, ಹಾಡಿನ ಉದ್ದಕ್ಕೂ ಓಡಿಸಿದ. ಏರುಪೇರಿನ ತಾಳ ನೇರ ಆಯ್ತು. ಜಾನ್ಸನ್‌ನದೇ ಇನ್ನೊಂದು ಹಾಡಿನಿಂದ ಒಂದು ಚರಣ ತಂದು ಸೇರಿಸಿದ. ಹಿಂದೆ ಜ್ಯಾಕ್ ಬ್ರೂಸ್ ಬೇಸ್, ಜಿಂಜರ್ ಬೇಕರ್ ಡ್ರಮ್ಸ್. ಮೂವರೂ ಒಬ್ಬರ ಮೇಲೊಬ್ಬರು ಬೀಳೋ ಹಾಗೆ. ಮೂಲದಲ್ಲಿ ಸಂಜೆಗತ್ತಲಲ್ಲಿ ಒಬ್ಬನೇ ನಿಂತವನ ಭಯ ಇದೆ. ಕ್ರೀಮ್‌ನದರಲ್ಲಿ ಆ ಭಯ ಇಲ್ಲ, ಬ್ರೇಕ್ ಫೇಲಾದ ಲಾರಿಯ ವೇಗ ಇದೆ. ಏನೋ ಕಳೆದುಹೋಗಿದೆ, ಏನೋ ಹುಟ್ಟಿದೆ. ಕ್ರೆಡಿಟ್: ರಾಬರ್ಟ್ ಜಾನ್ಸನ್. ಲೆಕ್ಕ ಚುಕ್ತಾ.

ಗಮನಿಸಿ, ಇಲ್ಲಿ ಎರಡು ಬೇರೆ ಬೇರೆ ಲೆಡ್ಜರ್ ಇವೆ. ಒಂದು ಶಬ್ದದ್ದು: ನೀನು ಹೊಸದೇನು ಸೇರಿಸಿದೆ? ಇನ್ನೊಂದು ಹೆಸರಿನದು: ತಗೊಂಡದ್ದು ಯಾರಿಂದ ಅಂತ ಬರೆದೆಯಾ? ಒಂದರಲ್ಲಿ ಬ್ಯಾಲೆನ್ಸ್ ಇದೆ ಅಂತ ಇನ್ನೊಂದನ್ನ ರೈಟ್ ಆಫ್ ಮಾಡೋಕಾಗಲ್ಲ. ಕಾಮೆಂಟ್‌ನಲ್ಲಿ ಜಗಳ ಆಡೋರು ಇವೆರಡನ್ನ ಕಲಸಿಬಿಡ್ತಾರೆ.

5/8

ಈಗ ಲೆಡ್ ಜೆಪ್ಲಿನ್.

1969ರಲ್ಲಿ ಅವರ ಎರಡನೇ ಆಲ್ಬಂ. ಮೊದಲ ಹಾಡು ಹೋಲ್ ಲಾಟಾ ಲವ್. ಜಿಮ್ಮಿ ಪೇಜ್‌ನ ರಿಫ್ ಅವನದೇ, ಅದರ ಬಗ್ಗೆ ಜಗಳ ಇಲ್ಲ. ನಡುವೆ ಥೆರಮಿನ್ ಅನ್ನೋ, ಮುಟ್ಟದೇ ನುಡಿಸೋ ವಾದ್ಯದ ಚೀರಾಟ, ಈ ಕಿವಿಯಿಂದ ಆ ಕಿವಿಗೆ ಓಡಾಡೋ ಶಬ್ದ. 1969ಕ್ಕೆ ಅದು ಬೇರೆ ಗ್ರಹದ ಸಂಗೀತ. ಶಬ್ದದ ಲೆಡ್ಜರ್‌ನಲ್ಲಿ ಫುಲ್ ಮಾರ್ಕ್ಸ್.

ಆದರೆ ರಾಬರ್ಟ್ ಪ್ಲಾಂಟ್ ಹಾಡಿದ ಮಾತುಗಳು? ಅವುಗಳಲ್ಲಿ ಬಹುಪಾಲು ಡಿಕ್ಸನ್ ಬರೆದು 1962ರಲ್ಲಿ ಮಡ್ಡಿ ಹಾಡಿದ್ದ ಯೂ ನೀಡ್ ಲವ್‌ನಿಂದ ಬಂದವು. ಆಲ್ಬಂ ಮೇಲೆ ನಾಲ್ಕೂ ಜನ ಜೆಪ್ಲಿನ್‌ಗಳ ಹೆಸರಿತ್ತು. ಡಿಕ್ಸನ್ ಹೆಸರಿರಲಿಲ್ಲ. ಹಾಡು ಅಮೆರಿಕದ ಚಾರ್ಟ್‌ನಲ್ಲಿ ನಂಬರ್ 4 ತನಕ ಹೋಯ್ತು.

ಡಿಕ್ಸನ್ ಕೋರ್ಟಿಗೆ ಹೋಗಿದ್ದು 1985ರಲ್ಲಿ. ಹದಿನಾರು ವರ್ಷ ಆದಮೇಲೆ! 1987ರಲ್ಲಿ ಕೋರ್ಟಿನ ಹೊರಗೆ ರಾಜಿ ಆಯ್ತು. ಈಗ ಆ ಹಾಡಿನ ಕ್ರೆಡಿಟ್‌ನಲ್ಲಿ ಅವನ ಹೆಸರೂ ಇದೆ. ಅದೇ ಆಲ್ಬಂನ ಬ್ರಿಂಗ್ ಇಟ್ ಆನ್ ಹೋಮ್‌ನ ಆರಂಭವೂ ಡಿಕ್ಸನ್‌ನದೇ, ಅದರ ತಕರಾರು 1972ರಲ್ಲೇ ಬಗೆಹರಿದಿತ್ತು. ದ ಲೆಮನ್ ಸಾಂಗ್‌ನಲ್ಲಿ ಹೌಲಿನ್ ವುಲ್ಫ್‌ನ ಕಿಲ್ಲಿಂಗ್ ಫ್ಲೋರ್. ಒಂದೇ ಆಲ್ಬಂನಲ್ಲಿ ಮೂರು ಸಾಲ. ಮೂರು ಸಲ ಮರೆವು ಅಂದ್ರೆ ನಮ್ಮ ಆಡಿಟಿಂಗ್ ಮೇಡಂ ಕೂಡ ನಂಬಲ್ಲ.

ನಮಗೆ ರಾಯಲ್ಟಿ ಅಕೌಂಟ್ಸ್ ಅಂತ ಒಂದು ಚಾಪ್ಟರ್ ಇದೆಯಲ್ಲ, ಮಿನಿಮಮ್ ರೆಂಟ್, ಶಾರ್ಟ್ ವರ್ಕಿಂಗ್ಸ್, ಬರೀ ಕಲ್ಲಿದ್ದಲು ಗಣಿಯ ಲೆಕ್ಕ. ಅದನ್ನ ಬಿಡಿಸುವಾಗೆಲ್ಲ ನನಗೆ ಡಿಕ್ಸನ್ ನೆನಪಾಗ್ತಾನೆ. ಗಣಿ ಅವನದು. ಅಗೆದು ತಗೊಂಡು ಹೋದವರು ಬೇರೆ. ಇನ್ನೊಂದು ಕಹಿ ವಿಷಯ: ವಿದೇಶಿ ಬ್ಯಾಂಡ್‌ಗಳು ಮಾತ್ರ ಅಲ್ಲ, 1970ರ ದಶಕದಲ್ಲಿ ಡಿಕ್ಸನ್ ಮತ್ತು ಮಡ್ಡಿ ತಮ್ಮದೇ ಹಾಡುಗಳ ಹಕ್ಕು ಇಟ್ಟುಕೊಂಡಿದ್ದ ಆರ್ಕ್ ಮ್ಯೂಸಿಕ್ ಮೇಲೂ ಕೇಸ್ ಹಾಕಬೇಕಾಯ್ತು. ಅದು ಚೆಸ್ ಬಳಗದ್ದೇ ಪ್ರಕಾಶನ ಕಂಪನಿ. ಮನೆಯೊಳಗಿನ ಲೆಕ್ಕವೇ ಸರಿ ಇರಲಿಲ್ಲ.

6/8

ಅದೇ ಲೆಡ್ ಜೆಪ್ಲಿನ್, 1971. ನಾಲ್ಕನೇ ಆಲ್ಬಂನ ಕೊನೆಯ ಹಾಡು: ವೆನ್ ದ ಲೆವೀ ಬ್ರೇಕ್ಸ್. ಏರಿ ಒಡೆದಾಗ ಅಂತ.

ಇದರ ಹಿಂದಿನ ಘಟನೆ ತಿಳಿಯದೆ ಹಾಡು ಕೇಳಬೇಡಿ. 1927ರ ಏಪ್ರಿಲ್‌ನಲ್ಲಿ ಮಿಸಿಸಿಪ್ಪಿ ನದಿಯ ಏರಿಗಳು ಒಂದಾದಮೇಲೊಂದು ಒಡೆದವು. ಸುಮಾರು 70,000 ಚದರ ಕಿಲೋಮೀಟರ್ ನೆಲ ಮುಳುಗಿತು. ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. 6 ಲಕ್ಷಕ್ಕೂ ಮೀರಿ ಜನ ನೆಲೆ ಕಳೆದುಕೊಂಡರು. ಅದರಲ್ಲಿ ಹೆಚ್ಚಿನವರು ಕಪ್ಪು ಕೂಲಿಗಳು. ಗ್ರೀನ್‌ವಿಲ್ ಊರಿನಲ್ಲಿ ಅವರನ್ನ ದೋಣಿ ಹತ್ತಿಸಿ ಬೇರೆ ಕಡೆ ಕಳಿಸಲಿಲ್ಲ. ಏರಿ ಮೇಲೇ ಡೇರೆ ಹಾಕಿ, ಬಂದೂಕಿನ ಕಾವಲಿಟ್ಟು ದುಡಿಸಿದರು. ಕಳಿಸಿದರೆ ಮತ್ತೆ ಹತ್ತಿ ಹೊಲಕ್ಕೆ ವಾಪಸ್ ಬರಲ್ಲ ಅನ್ನೋ ಭಯ ಜಮೀನುದಾರರಿಗೆ.

ಎರಡು ವರ್ಷ ಆದಮೇಲೆ, 1929ರಲ್ಲಿ, ಕಾನ್ಸಾಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ ಅನ್ನೋ ಗಂಡ ಹೆಂಡತಿ ಈ ಹಾಡು ರೆಕಾರ್ಡ್ ಮಾಡಿದರು. ಜೋ ದನಿ, ಮಿನ್ನಿ ಗಿಟಾರ್. ಕೇಳಿದರೆ ಆಶ್ಚರ್ಯ ಆಗುತ್ತೆ. ಅಳು ಇಲ್ಲ, ಗದ್ದಲ ಇಲ್ಲ. ಗಿಟಾರ್ ಹಗುರವಾಗಿ, ಹೆಚ್ಚುಕಮ್ಮಿ ಖುಷಿಯಾಗಿ ಓಡುತ್ತೆ. ಮನೆ ಹೋಯ್ತು ಅನ್ನೋದನ್ನ ಬಸ್ ಮಿಸ್ಸಾಯ್ತು ಅನ್ನೋ ಹಾಗೆ ಹೇಳ್ತಾರೆ. ಅಭ್ಯಾಸ ಆದ ಕಷ್ಟಕ್ಕೆ ಇರೋ ದನಿ ಅದು.

ಜೆಪ್ಲಿನ್ ಏನು ಮಾಡಿದರು ನೋಡಿ. ಹೆಡ್ಲಿ ಗ್ರೇಂಜ್ ಅಂತ ಒಂದು ಹಳೇ ಕಟ್ಟಡ, ಮೊದಲು ಬಡವರನ್ನ ಇಟ್ಟು ದುಡಿಸ್ತಿದ್ದ ಆಶ್ರಮ. ಅದರ ಎತ್ತರದ ಹಜಾರದಲ್ಲಿ, ಮೆಟ್ಟಿಲುಗಳ ಬುಡದಲ್ಲಿ ಜಾನ್ ಬಾನಮ್‌ನ ಡ್ರಮ್ಸ್ ಇಟ್ಟರು. ಮೈಕ್‌ಗಳನ್ನ ಮಾತ್ರ ಮೇಲಿನ ಮಹಡಿಯಿಂದ ಇಳಿಬಿಟ್ಟರು. ಡ್ರಮ್ ಹತ್ತಿರ ಮೈಕ್ ಇಟ್ಟರೆ ಡ್ರಮ್ ಕೇಳುತ್ತೆ. ದೂರ ಇಟ್ಟರೆ ಕಟ್ಟಡವೇ ಕೇಳುತ್ತೆ. ಅದಕ್ಕೆ ಎಕೋ ಸೇರಿಸಿ, ಮುದ್ರಿಸಿದ ಟೇಪಿನ ವೇಗ ಕಡಿಮೆ ಮಾಡಿದರು. ಎಲ್ಲ ಭಾರ ಆಯ್ತು, ಕೆಸರಾಯ್ತು. ಪ್ಲಾಂಟ್‌ನ ಹಾರ್ಮೋನಿಕಾದ ಎಕೋ ಹಿಂದುಮುಂದಾಗಿ ಬರುತ್ತೆ. ಏಳು ನಿಮಿಷ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಜೋ ಮತ್ತು ಮಿನ್ನಿ ಹಾಡಿದ್ದು ನೆರೆ ನೋಡಿದ ಮನುಷ್ಯರ ಕಡೆಯಿಂದ. ಆ ನಾಲ್ಕು ಇಂಗ್ಲಿಷ್ ಹುಡುಗರು ನೆರೆ ನೋಡಿದವರಲ್ಲ. ಆ ದುಃಖವನ್ನ ನಟಿಸಿದ್ದರೆ ಅಸಹ್ಯ ಆಗ್ತಿತ್ತು. ಅವರು ಮನುಷ್ಯರ ಪಾರ್ಟ್ ಬಿಟ್ಟು ನೀರಿನ ಪಾರ್ಟ್ ತಗೊಂಡರು. ಬಾನಮ್ ನುಡಿಸೋದು ಆ ನದಿಯನ್ನ. ಹಳೇ ಹಾಡಿನೊಳಗೆ ಇದ್ದೂ ಕೇಳಿಸದೇ ಇದ್ದದ್ದನ್ನ ಹೊರಗೆ ತಂದರು. ಪ್ರಭಾವ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಮತ್ತೆ ಈ ಸಲ ಕ್ರೆಡಿಟ್‌ನಲ್ಲಿ ಬ್ಯಾಂಡ್‌ನವರ ಜೊತೆ ಮೆಂಫಿಸ್ ಮಿನ್ನಿ ಹೆಸರು ಮೊದಲ ದಿನದಿಂದಲೇ ಇತ್ತು. ಹಾಡಿದ ಜೋ ಹೆಸರು ಬಿಟ್ಟುಹೋಗಿತ್ತು ಅನ್ನೋದೂ ನಿಜ. ಅವನು 1950ರಲ್ಲೇ ತೀರಿಕೊಂಡಿದ್ದ.

ಮಿನ್ನಿ ಆಗಿನ್ನೂ ಬದುಕಿದ್ದಳು. ಪಾರ್ಶ್ವವಾಯು ಬಡಿದು, ಮೆಂಫಿಸ್‌ನಲ್ಲಿ ಕಷ್ಟದಲ್ಲಿ ದಿನ ನೂಕಿ 1973ರಲ್ಲಿ ತೀರಿಕೊಂಡಳು. ಸಮಾಧಿ ಮೇಲೆ ಒಂದು ಕಲ್ಲೂ ಇರಲಿಲ್ಲ. 1996ರಲ್ಲಿ ಅದನ್ನ ಹಾಕಿಸಲು ದುಡ್ಡು ಕೊಟ್ಟಿದ್ದು ಬಾನಿ ರೇಟ್ ಅನ್ನೋ ಗಾಯಕಿ, ಗಿಟಾರ್ ವಾದಕಿ. ಇದನ್ನೂ ಪ್ರಭಾವಕ್ಕೆ ಸಲ್ಲಿಸೋ ಗೌರವದ ಲೆಕ್ಕಕ್ಕೇ ಸೇರಿಸಿ.

7/8

"ಹಂಗಂದ್ರೆ ಬ್ಲೂಸ್‌ನವರು ಯಾರಿಂದಲೂ ತಗೊಂಡಿಲ್ವಾ?" ಅಂತ ಒಬ್ಬ ಕೇಳೇ ಕೇಳ್ತಾನೆ. ಸರಿಯಾದ ಪ್ರಶ್ನೆ. ತಗೊಂಡಿದ್ದಾರೆ, ಧಾರಾಳವಾಗಿ. ರಾಬರ್ಟ್ ಜಾನ್ಸನ್‌ನ ಸ್ವೀಟ್ ಹೋಮ್ ಶಿಕಾಗೋ ಹಿಂದೆ ಕೊಕೊಮೊ ಆರ್ನಾಲ್ಡ್‌ನ ಹಾಡಿದೆ, ಅದರ ಹಿಂದೆ ಸ್ಕ್ರ್ಯಾಪರ್ ಬ್ಲ್ಯಾಕ್‌ವೆಲ್‌ನ 1928ರ ಹಾಡಿದೆ. ಮಡ್ಡಿಯ ರೋಲಿನ್ ಸ್ಟೋನ್ ಕೂಡ ಕ್ಯಾಟ್‌ಫಿಶ್ ಬ್ಲೂಸ್ ಅನ್ನೋ ಹಳೇ ಹಾಡಿನ ಮೇಲೆ ನಿಂತದ್ದು. ಸಾಲುಗಳು ಊರಿಂದ ಊರಿಗೆ ತೇಲಿಕೊಂಡು ಹೋಗ್ತಿದ್ದವು, ನಮ್ಮ ಬೀಸುವ ಪದಗಳ ಹಾಗೆ. ವ್ಯತ್ಯಾಸ ಇಷ್ಟೇ: ಅಲ್ಲಿ ಕೊಡೋನೂ ಬಡವ, ತಗೊಳ್ಳೋನೂ ಬಡವ. ಒಬ್ಬನ ಕೈಯಲ್ಲಿ ವಕೀಲ, ಪ್ರಕಾಶನ ಕಂಪನಿ, ಲಕ್ಷಗಟ್ಟಲೆ ಮಾರಾಟ ಆಗೋ ಆಲ್ಬಂ ಬಂದ ದಿನ ಆಟದ ನಿಯಮ ಬದಲಾಗುತ್ತೆ.

ಹಾಗಂತ ಕಿವಿಗೆ ಹತ್ತಿರ ಅನ್ನಿಸಿದ್ದೆಲ್ಲ ಕಳ್ಳತನವೂ ಅಲ್ಲ. ಸ್ಟೇರ್‌ವೇ ಟು ಹೆವನ್ ಆರಂಭದ ಗಿಟಾರ್ ಸ್ಪಿರಿಟ್ ಬ್ಯಾಂಡ್‌ನಿಂದ ಕದ್ದದ್ದು ಅಂತ ಕೇಸ್ ಆಗಿತ್ತು. 2016ರಲ್ಲಿ ಜ್ಯೂರಿ ಜೆಪ್ಲಿನ್ ಪರ ಹೇಳಿತು, 2020ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಮೆಟ್ಟಿಲಿಳಿಯೋ ಹಾಗೆ ಇಳಿಯೋ ಸ್ವರಗಳು ಯಾರಪ್ಪನ ಆಸ್ತಿಯೂ ಅಲ್ಲ. ನನಗೂ ಆ ತೀರ್ಪು ಸರಿ ಅನ್ನಿಸುತ್ತೆ.

ಇದನ್ನೆಲ್ಲ ಓದುವಾಗ ನನಗೆ ಪದೇ ಪದೇ ಬಂದ ಯೋಚನೆ ನಮ್ಮ ಅಂಕಿತದ್ದು. ಶಾಲೆಯಲ್ಲಿ ಒಂದು ಮಾರ್ಕ್‌ಗೆ ಬಾಯಿಪಾಠ ಮಾಡಿದ್ವಿ: ಬಸವಣ್ಣ ಕೂಡಲಸಂಗಮದೇವ, ಅಕ್ಕ ಚೆನ್ನಮಲ್ಲಿಕಾರ್ಜುನ, ಪುರಂದರದಾಸರು ಪುರಂದರವಿಠಲ. ಅದೆಂಥ ಐಡಿಯಾ ನೋಡಿ! ಕ್ರೆಡಿಟ್ ಹಾಡಿನ ಹೊರಗೆ ಇಲ್ಲ, ಒಳಗೇ ಇದೆ. ಕವರ್ ಹರಿದುಹೋದರೂ, ಲೇಬಲ್ ಬದಲಾದರೂ, ಯಾರೇ ಹಾಡಲಿ, ಕೊನೆ ಸಾಲಿಗೆ ಬಂದಾಗ ಕಟ್ಟಿದವರ ಗುರುತು ಬಾಯಲ್ಲಿ ಬರಲೇಬೇಕು. ಶಿಶುನಾಳ ಶರೀಫರ ಪದಗಳಲ್ಲೂ ಶಿಶುನಾಳಧೀಶ ಬರ್ತಾನಲ್ಲ, ಅದೇ.

ಶರೀಫರು 1889ರಲ್ಲಿ ತೀರಿಕೊಂಡವರು. ಅವರ ಪದಗಳಿಗೆ ಸಿ. ಅಶ್ವಥ್ ಸುಗಮ ಸಂಗೀತದಲ್ಲಿ ಒಂದು ಜೀವ ಕೊಟ್ಟರು, 1990ರ ಸಿನಿಮಾದಿಂದ ಮನೆಮನೆಗೆ ಹೋಯ್ತು. ಆಮೇಲೆ 2008ರಲ್ಲಿ ರಘು ದೀಕ್ಷಿತ್ ತಮ್ಮ ಬ್ಯಾಂಡ್‌ನ ಮೊದಲ ಆಲ್ಬಂನಲ್ಲಿ ಗುಡುಗುಡಿಯ ಸೇದಿ ನೋಡೋ ಪದವನ್ನ ಗಿಟಾರ್, ಡ್ರಮ್ಸ್ ಹಾಕಿ ಹಾಡಿದರು. ಅಶ್ವಥ್ ಅವರ ಎತ್ತರದ ದನಿಯನ್ನ ಅನುಕರಿಸೋಕೆ ಹೋಗಲಿಲ್ಲ. ಸ್ಟೇಜ್ ಮೇಲೆ ಕುಣಿಯೋ ಲಯ ಹುಡುಕಿದರು. "ಹಾಳುಮಾಡಿದ್ರು" ಅನ್ನೋರು ನಮ್ಮ ಮನೆಯಲ್ಲೇ ಇದ್ದಾರೆ. ನಮ್ಮ ತಾತನ ಮುಂದೆ ಆ ಹಾಡು ಹಾಕೋ ಹಾಗಿಲ್ಲ. ಆದರೆ ನಮ್ಮ ವಯಸ್ಸಿನ ಎಷ್ಟೋ ಜನಕ್ಕೆ ಶರೀಫರ ಹೆಸರು ಸಿಕ್ಕಿದ್ದೇ ಆ ಗಿಟಾರ್ ಮೂಲಕ.

ಬ್ಲೂಸ್‌ನವರಿಗೆ ಅಂಕಿತ ಇರಲಿಲ್ಲ. ಅದಕ್ಕೇ ಡಿಕ್ಸನ್ ವಕೀಲರನ್ನ ಹಿಡೀಬೇಕಾಯ್ತು.

8/8

ಉಳಿದದ್ದು ಬೇಗ ಹೇಳಿಬಿಡ್ತೀನಿ. ಡಿಕ್ಸನ್ 1992ರಲ್ಲಿ ತೀರಿಕೊಂಡ. ಅದಕ್ಕೆ ಮುಂಚೆ ಬ್ಲೂಸ್ ಹೆವನ್ ಫೌಂಡೇಶನ್ ಅಂತ ಒಂದು ಸಂಸ್ಥೆ ಕಟ್ಟಿದ್ದ, ಹಳೇ ಸಂಗೀತಗಾರರಿಗೆ ತಮ್ಮ ಹಾಡಿನ ಹಕ್ಕು, ಬಾಕಿ ದುಡ್ಡು ಪಡೆಯೋಕೆ ಸಹಾಯ ಮಾಡಲು. ಈಗ ಅದರ ವಿಳಾಸ ಶಿಕಾಗೋದ 2120 ಸೌತ್ ಮಿಷಿಗನ್ ಅವೆನ್ಯೂ. ಹೌದು, ಅದೇ ಹಳೇ ಚೆಸ್ ಸ್ಟುಡಿಯೋ ಕಟ್ಟಡ. ಡಿಕ್ಸನ್‌ನ ಹೆಂಡತಿ ಅದನ್ನ ಕೊಂಡರು. ಸ್ಟೋನ್ಸ್ ಹುಡುಗರು 1964ರಲ್ಲಿ ಆ ವಿಳಾಸವನ್ನೇ ಹೆಸರಾಗಿಟ್ಟು ಒಂದು ವಾದ್ಯಸಂಗೀತ ರೆಕಾರ್ಡ್ ಮಾಡಿದ್ದರು.

ಬಾನಮ್‌ನ ಆ ಡ್ರಮ್ಸ್ ಕತೆ ಅಲ್ಲಿಗೇ ನಿಲ್ಲಲಿಲ್ಲ. 1986ರಲ್ಲಿ ಬೀಸ್ಟಿ ಬಾಯ್ಸ್ ಅದನ್ನ ಎತ್ತಿ ತಮ್ಮ ಮೊದಲ ಆಲ್ಬಂನ ಮೊದಲ ಹಾಡಿಗೆ ಹಾಕಿಕೊಂಡರು. ಆ ಹಾಡಿನ ಹೆಸರಿನಲ್ಲೇ ಕದಿಯೋದು ಅನ್ನೋ ಪದ ಇದೆ. ಕನಿಷ್ಠ ಪ್ರಾಮಾಣಿಕರು.

ಈಗ ನಿಮಗೊಂದು ಕೆಲಸ. ಇಯರ್‌ಫೋನ್ ಹಾಕಿ, ಈ ಕ್ರಮದಲ್ಲೇ ಕೇಳಿ: ಮೊದಲು 1929ರ ಜೋ ಮತ್ತು ಮಿನ್ನಿ, ಆಮೇಲೆ 1971ರ ಜೆಪ್ಲಿನ್, ಆಮೇಲೆ ಮತ್ತೆ ಮಿನ್ನಿ. ಎರಡನೇ ಸಲ ಕೇಳುವಾಗ ಜೋ ದನಿ ಬಿಟ್ಟು ಅವಳ ಗಿಟಾರ್ ಮಾತ್ರ ಹಿಂಬಾಲಿಸಿ. ಏನು ಕೇಳಿಸ್ತು ಅಂತ ಕಾಮೆಂಟ್‌ನಲ್ಲಿ ಬರೀರಿ. "ಕಾಪಿ ಗುರು" ಅಂತ ಬರೆಯೋರು ಯಾವ ಲೆಡ್ಜರ್‌ದು ಅಂತಲೂ ಬರೀರಿ.

ಮುಂದಿನ ಸರಣಿ ಇಂಟರ್ನಲ್ಸ್ ಮುಗಿದಮೇಲೆ.

#ಬ್ಲೂಸ್ #ರಾಕ್ #ಮೆಂಫಿಸ್‌ಮಿನ್ನಿ #ಕನ್ನಡದಲ್ಲಿಸಂಗೀತ